ಮೂರು ತಾಸಿಗೆ ಏನು ಬೆಲೆ?

ಗೋವಾದ ಕ್ಯಾಸಿನೊ ಹೆಂಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕುರ್ಚಿಯ ಬಗ್ಗೆ ಹೇಳುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಎಷ್ಟು ಗೆದ್ದೆ, ಎಷ್ಟು ಸೋತೆ ಎಂಬ ಸುದ್ದಿ. ಸ್ಲಾಟ್ ಮಷೀನಿನ ಮುಂದೆ ಮೂರು ತಾಸು ಕೂಡುವ ಹೆಂಗಸಿಗೆ ಮಾತ್ರ ಕುರ್ಚಿಯೇ ಮೊದಲ ಸುದ್ದಿ. ಬೆನ್ನಿಗೆ ಆಸರೆ ಇದೆಯೇ, ಕಾಲು ನೆಲಕ್ಕೆ ಮುಟ್ಟುತ್ತವೆಯೇ, ಪಕ್ಕದವರ ಮೊಣಕೈ ತಾಗುತ್ತದೆಯೇ, ಚೀಲ ಇಡಲು ಜಾಗ ಇದೆಯೇ, ಏಸಿ ನೇರ ತಲೆಯ ಮೇಲೆ ಸುರಿಯುತ್ತದೆಯೇ. ಇಷ್ಟು ನೋಡಿಕೊಂಡ ಮೇಲೆ ಉಳಿದದ್ದು.

ನಾನು ಕಲಬುರಗಿಯ ನಂದೂರ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವಳು. ತೊಗರಿ ಎಷ್ಟು ಇಳಿಯಿತು, ಬೇಳೆ ಎಷ್ಟು ಹೊರಟಿತು, ಚುನ್ನಿ ಎಷ್ಟು, ಹೊಟ್ಟು ಎಷ್ಟು, ಹಮಾಲಿ ಎಷ್ಟು, ಖಾಲಿ ಚೀಲಕ್ಕೆ ಎಷ್ಟು ಎಂದು ಬರೆಯುತ್ತಾ ತಲೆಗೂದಲು ಬೆಳ್ಳಗಾಗಿವೆ. ಸುಗ್ಗಿಯಲ್ಲಿ ನಮಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಕೆಲಸ ಸ್ವಲ್ಪ ಸಡಿಲ. ಆಗ ಮನೆಯ ಗಂಡಸರಿಗೆ ಗೋವಾ ನೆನಪಾಗುತ್ತದೆ. ಭಾವ, ಮೈದುನ, ನೆಗೆಣ್ಣಿಯರು, ಹುಡುಗರು ಎಲ್ಲರೂ ಸೇರಿ ಹೊರಡುತ್ತೇವೆ. ವಿಜಯಪುರ, ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಪಣಜಿ. ಸಂಜೆಯಾದರೆ ಗಂಡಸರು ಇಸ್ತ್ರಿ ಅಂಗಿ ತೊಟ್ಟು ಹಡಗು ಹತ್ತಲು ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಹಿಂದೆ ನಾವೂ.

ಒಳಗೆ ಹೋದ ಮೇಲೆ ದಾರಿ ಎರಡಾಗುತ್ತದೆ. ಗಂಡಸರು ಟೇಬಲ್ಲುಗಳ ಕಡೆ, ನಾನು ಮಷೀನುಗಳ ಕಡೆ. ಮೊದಮೊದಲು ಭಾವ ನಕ್ಕಿದ್ದರು: "ಅದೇನವ್ವಾ, ಹುಡುಗ್ರ ಆಟ ಆಡ್ಲಾಕತ್ತಿ. ಇಲ್ಲಿ ಬಂದು ತೀನ್ ಪತ್ತಿ ನೋಡು, ಮಜಾ ಅದ." ನೋಡಿದೆ. ಆ ಟೇಬಲ್ಲಿನಲ್ಲಿ ನಾಲ್ಕು ಮಂದಿಯ ಕಣ್ಣು ನಮ್ಮ ಕೈಮೇಲೆ ಇರುತ್ತವೆ. ಎಷ್ಟು ಹಚ್ಚಿದಿರಿ, ಯಾಕೆ ಬಿಟ್ಟಿರಿ ಎಂದು ಪಕ್ಕದವರು ಹುಬ್ಬೇರಿಸುತ್ತಾರೆ. ಮಷೀನು ಹುಬ್ಬೇರಿಸುವುದಿಲ್ಲ. ಹತ್ತು ರೂಪಾಯಿಯ ಆಟಕ್ಕೂ ಅದೇ ಬೆಳಕು, ಸಾವಿರ ರೂಪಾಯಿಯ ಆಟಕ್ಕೂ ಅದೇ ಬೆಳಕು. ಮನೆಯಲ್ಲಿ ದಿನವಿಡೀ ಒಬ್ಬರಲ್ಲ ಒಬ್ಬರು ಕರೆಯುತ್ತಲೇ ಇರುವ ಹೆಂಗಸಿಗೆ ಯಾರೂ ಕರೆಯದ ಒಂದು ಮೂಲೆ ಸಿಕ್ಕರೆ ಅದೇ ದೊಡ್ಡ ಸುಖ. ಸ್ಲಾಟ್ ಆಡುವವರ ಸಂತೋಷದಲ್ಲಿ ಅರ್ಧ ಪಾಲು ಇದೇ ಎಂದು ನನ್ನ ಅನಿಸಿಕೆ.

ಕಾನೂನಿನಲ್ಲಿ ಮೊದಲು, ಹಡಗಿನಲ್ಲಿ ಮೂಲೆಗೆ

ವಿಚಿತ್ರವೆಂದರೆ, ಗೋವಾದಲ್ಲಿ ಕಾನೂನು ಮೊದಲು ಬಾಗಿಲು ತೆರೆದದ್ದೇ ಸ್ಲಾಟ್ ಮಷೀನಿಗೆ. 1976ರ ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಜೂಜು ಕಾಯ್ದೆ ಜೂಜನ್ನು ನಿಷೇಧಿಸಿತ್ತು. 1992ರಲ್ಲಿ ಅದಕ್ಕೆ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಎಲೆಕ್ಟ್ರಾನಿಕ್ ಆಟದ ಯಂತ್ರಗಳಿಗೆ ಅನುಮತಿ ಕೊಟ್ಟರು. ಇಸ್ಪೀಟು, ರೂಲೆಟ್‌ಗಳಂಥ ಟೇಬಲ್ ಆಟಕ್ಕೆ ಅನುಮತಿ ಬಂದದ್ದು 1996ರ ತಿದ್ದುಪಡಿಯಲ್ಲಿ, ಅದೂ ನೀರಿನ ಮೇಲಿನ ಹಡಗುಗಳಲ್ಲಿ ಮಾತ್ರ. ಮಾಂಡೋವಿ ನದಿಯಲ್ಲಿ ಇಂದು ದೀಪ ಹಚ್ಚಿಕೊಂಡು ನಿಂತಿರುವ ಡೆಲ್ಟಿನ್ ರೋಯಾಲ್, ಕ್ಯಾಸಿನೊ ಪ್ರೈಡ್, ಬಿಗ್ ಡ್ಯಾಡಿ ಮುಂತಾದ ಹಡಗುಗಳೆಲ್ಲ ಆ ತಿದ್ದುಪಡಿಯ ಮಕ್ಕಳು.

ಆಮೇಲೆ ಬಂದ ಟೇಬಲ್ಲೇ ಮನೆಯ ಯಜಮಾನ ಆಯಿತು. ನಮ್ಮ ದೇಶದ ಮಂದಿಗೆ ಎಲೆಯಾಟದ ಹುಚ್ಚು ಹಳೆಯದು. ಅಂದರ್ ಬಾಹರ್ ನಮ್ಮ ದಕ್ಷಿಣದ ಕಡೆಯ ಆಟ, ದೀಪಾವಳಿಯ ರಾತ್ರಿ ಕಟ್ಟೆಯ ಮೇಲೆ ಆಡಿದ್ದು. ಅದನ್ನೇ ಹಸಿರು ಬಟ್ಟೆಯ ಮೇಲೆ, ಟೈ ಕಟ್ಟಿದ ಡೀಲರ್ ಕೈಯಲ್ಲಿ ನೋಡಿದರೆ ನಮ್ಮವರು ಬಿಡುತ್ತಾರೆಯೇ? ಲಾಸ್ ವೇಗಾಸ್‌ನಲ್ಲಿ ಮಹಡಿಯ ತುಂಬ ಮಷೀನುಗಳು, ನಡುವೆ ಅಲ್ಲೊಂದು ಇಲ್ಲೊಂದು ಟೇಬಲ್ಲು. ಮಾಂಡೋವಿಯ ಹಡಗಿನಲ್ಲಿ ಅದು ಉಲ್ಟಾ. ಮಷೀನುಗಳು ಗೋಡೆಯ ಪಕ್ಕ, ಮೆಟ್ಟಿಲ ಕೆಳಗೆ, ಬಫೆಗೆ ಹೋಗುವ ದಾರಿಯಲ್ಲಿ.

ಹಾಗಾಗಿ ಸ್ಲಾಟ್ ಆಡಲೆಂದೇ ಹೋಗುವವರು ಟಿಕೆಟ್ ಕೊಳ್ಳುವಾಗಲೇ ಒಂದು ಮಾತು ಕೇಳಬೇಕು. ಹಡಗಿನ ಪ್ಯಾಕೇಜಿನಲ್ಲಿ ಊಟ, ಕುಡಿಯುವುದು, ಹಾಡು ಕುಣಿತದ ಜೊತೆ ಒಂದಿಷ್ಟು 'ಒನ್ ಟೈಮ್ ಪ್ಲೇ' ಚಿಪ್ಪು ಸೇರಿಸಿ ಮಾರುತ್ತಾರೆ. ಅದು ಒಂದು ಸಲ ಆಡಿದರೆ ಮುಗಿಯಿತು, ನಗದು ಮಾಡಿಕೊಳ್ಳಲು ಬರುವುದಿಲ್ಲ. ಅದು ಮಷೀನಿಗೆ ನಡೆಯುತ್ತದೆಯೇ, ಟೇಬಲ್ಲಿಗೆ ಮಾತ್ರವೇ? ಟೇಬಲ್ಲಿಗೆ ಮಾತ್ರ ಎಂದರೆ, ಸ್ಲಾಟ್ ಆಡುವವರ ಪಾಲಿಗೆ ಪ್ಯಾಕೇಜಿನ ಆ ಭಾಗ ಬಣ್ಣದ ಬಿಲ್ಲೆ.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ

ಈ ಯಂತ್ರ ಹುಟ್ಟಿದ್ದು 1890ರ ದಶಕದ ಕೊನೆಗೆ, ಅಮೆರಿಕದ ಸಾನ್ ಫ್ರಾನ್ಸಿಸ್ಕೊದಲ್ಲಿ. ಜರ್ಮನಿಯ ಬವೇರಿಯಾದಿಂದ ಹೋಗಿ ನೆಲೆಸಿದ್ದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಅದನ್ನು ಮಾಡಿದ. ಹೆಸರು 'ಲಿಬರ್ಟಿ ಬೆಲ್'. ಮೂರು ಚಕ್ರ, ಪಕ್ಕದಲ್ಲಿ ಒಂದು ಹಿಡಿಕೆ. ಐದು ಸೆಂಟಿನ ನಾಣ್ಯ ಹಾಕಿ ಹಿಡಿಕೆ ಎಳೆದಾಗ ಮೂರು ಗಂಟೆಯ ಚಿತ್ರ ಒಂದೇ ಸಾಲಿಗೆ ಬಂದರೆ 50 ಸೆಂಟು. ಆಮೇಲೆ ಜೂಜಿನ ಕಾನೂನು ಬಿಗಿಯಾದಾಗ ನಗದಿನ ಬದಲು ಚೂಯಿಂಗ್ ಗಮ್ ಕೊಡುವ ಯಂತ್ರಗಳು ಬಂದವು. ಗಮ್ಮಿನ ರುಚಿ ತೋರಿಸಲು ಚೆರ್ರಿ, ನಿಂಬೆಯ ಚಿತ್ರ ಹಾಕಿದರು. ಗಮ್ ಕಂಪನಿಯ ಗುರುತೇ ಇಂದಿಗೂ ಕಾಣುವ 'ಬಾರ್' ಪಟ್ಟಿ. ಗಮ್ ಹೋಗಿ ನೂರು ವರ್ಷ ಕಳೆದರೂ ಹಣ್ಣುಗಳು ಉಳಿದಿವೆ. ಫೇ ನಮ್ಮ ಕಮಲಾಪುರದವನಾಗಿದ್ದರೆ ಮೂರು ಕೆಂಪು ಬಾಳೆಹಣ್ಣು ಸಾಲಿಗೆ ಬಂದಾಗ ಗಂಟೆ ಬಾರಿಸುತ್ತಿತ್ತು.

ಈಗ ಹಿಡಿಕೆ ಇಲ್ಲ. ಚಕ್ರವೂ ಇಲ್ಲ, ಚಕ್ರದ ಚಿತ್ರ ಮಾತ್ರ ಇದೆ. ಒಳಗೆ ಕೂತ ಕಂಪ್ಯೂಟರ್ ಚಿಪ್ ಬಿಡುವಿಲ್ಲದೆ ಸಂಖ್ಯೆಗಳನ್ನು ಉದುರಿಸುತ್ತಿರುತ್ತದೆ. ನೀವು ಬಟನ್ ಒತ್ತಿದ ಕ್ಷಣಕ್ಕೆ ಬಿದ್ದ ಸಂಖ್ಯೆಯೇ ಫಲಿತಾಂಶ. ತೆರೆಯ ಮೇಲೆ ಗಿರಗಿರ ತಿರುಗುವುದು ಆಮೇಲಿನ ನಾಟಕ. 1984ರಲ್ಲಿ ಇಂಗೆ ಟೆಲ್ನೆಸ್ ಎಂಬ ಗಣಿತಜ್ಞನಿಗೆ ಸಿಕ್ಕ ಒಂದು ಪೇಟೆಂಟ್ ಈ ವಿದ್ಯೆಯ ತಿರುವು. ಅದಕ್ಕೂ ಮೊದಲು ಚಕ್ರದ ಮೇಲೆ 22 ಜಾಗ ಇದ್ದರೆ ಮೂರು ಚಕ್ರಕ್ಕೆ ಆಗುವ ಜೋಡಣೆ 10,648 ಮಾತ್ರ. ಕಂಪ್ಯೂಟರಿನೊಳಗೆ 64 ಜಾಗದ ಕಾಣದ ಚಕ್ರ ಇಟ್ಟರೆ ಜೋಡಣೆ 2,62,144. ಕಣ್ಣಿಗೆ ಕಾಣುವ ಚಕ್ರ ಮೊದಲಿನಷ್ಟೇ. ದೊಡ್ಡ ಬಹುಮಾನ ಎಷ್ಟೋ ಪಟ್ಟು ದೂರ ಸರಿದಿದ್ದು ಕೂತವರಿಗೆ ಕಾಣುವುದೇ ಇಲ್ಲ. ಬಹುಮಾನದ ಚಿತ್ರ ಗೆರೆಯ ಮೇಲಕ್ಕೋ ಕೆಳಕ್ಕೋ ಬಂದು ನಿಂತಾಗ "ಅಯ್ಯೋ, ಒಂದು ಕೂದಲೆಳೆ!" ಎನಿಸುತ್ತದೆ. ಕೂದಲೆಳೆ ಕಣ್ಣಿಗೆ ಮಾತ್ರ. ಲೆಕ್ಕದಲ್ಲಿ ಅದು ಸೋಲು.

ಇಷ್ಟು ತಿಳಿದ ಮೇಲೆ ಕೆಲವು ಮಾತು ತಾನಾಗಿ ಬಿದ್ದುಹೋಗುತ್ತವೆ. "ಈ ಮಷೀನು ಬಹಳ ಹೊತ್ತಿಂದ ಕೊಟ್ಟಿಲ್ಲ, ಈಗ ಕೊಡ್ತದ" ಎಂದು ನೆಗೆಣ್ಣಿ ಹೇಳುತ್ತಾಳೆ. ಮಷೀನಿಗೆ ಹಿಂದಿನದ್ದು ನೆನಪಿರುವುದಿಲ್ಲ. ನೀವು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಗೆದ್ದರೆ ಅದು ನಿಮ್ಮ ರೊಕ್ಕವಲ್ಲ. ನೀವೇ ಕೂತಿದ್ದರೂ ಬಟನ್ ಒತ್ತುವ ಗಳಿಗೆ ಕೂದಲಷ್ಟು ಬದಲಾಗಿ ಬೇರೆ ಸಂಖ್ಯೆ ಬೀಳುತ್ತಿತ್ತು. ನನಗೆ ಇದು ದೊಡ್ಡ ನೆಮ್ಮದಿ. ಹೊಟ್ಟೆಕಿಚ್ಚಿಗೆ ಕಾರಣವೇ ಇಲ್ಲದ ಆಟ ಜಗತ್ತಿನಲ್ಲಿ ಎಷ್ಟಿವೆ?

ಮಷೀನಿನ ಇಳುವರಿ

ಪ್ರತಿ ಯಂತ್ರಕ್ಕೂ ಒಂದು 'ಮರಳಿಕೆ' ಇರುತ್ತದೆ. ಅದರೊಳಗೆ ಆಡಿದ ನೂರು ರೂಪಾಯಿಯಲ್ಲಿ ಎಷ್ಟು ಆಟಗಾರರಿಗೆ ವಾಪಸು ಬರುತ್ತದೆ ಎಂಬ ಶೇಕಡಾ ಲೆಕ್ಕ. ನಮ್ಮ ಮಿಲ್ಲಿನ ಇಳುವರಿಯಂತೆಯೇ ಇದು. ಕ್ವಿಂಟಲ್ ತೊಗರಿಗೆ ಎಪ್ಪತ್ತು ಎಪ್ಪತ್ತೈದು ಕಿಲೊ ಬೇಳೆ ಎನ್ನುವುದು ಸೀಸನ್ನಿನ ಮಾತು. ಒಂದು ಚೀಲ ಬಿಚ್ಚಿ ಅದರಲ್ಲೂ ಅಷ್ಟೇ ಬರಬೇಕೆಂದು ಹಟ ಹಿಡಿದರೆ ನಡೆಯುವುದಿಲ್ಲ. ಮಷೀನೂ ಲಕ್ಷಾಂತರ ಸುತ್ತಿಗೆ ಆ ಲೆಕ್ಕ ಮುಟ್ಟಿಸುತ್ತದೆ. ನಿಮ್ಮ ಒಂದು ಸಂಜೆಗೆ ಅದು ಯಾವ ಮಾತೂ ಕೊಟ್ಟಿಲ್ಲ.

ಅಮೆರಿಕದ ನೆವಾಡಾ ರಾಜ್ಯದಲ್ಲಿ ಯಂತ್ರ ಕನಿಷ್ಠ ಶೇ 75 ಮರಳಿಸಬೇಕೆಂಬ ನಿಯಮವಿದೆ. ಬ್ರಿಟನ್ನಿನಲ್ಲಿ ಆ ಶೇಕಡಾ ಲೆಕ್ಕವನ್ನು ಆಟಗಾರರಿಗೆ ಕಾಣುವಂತೆ ತಿಳಿಸಬೇಕು. ನನ್ನ ಪ್ರಕಾರ ಒಳ್ಳೆಯ ಕ್ಯಾಸಿನೊದ ಮೊದಲ ಗುರುತು ಇದೇ: ಮಷೀನಿನ 'ಇನ್ಫೊ' ಬಟನ್ ಒತ್ತಿದರೆ ಯಾವ ಚಿತ್ರಕ್ಕೆ ಎಷ್ಟು, ಎಷ್ಟು ಗೆರೆ, ಒಂದು ಸುತ್ತಿಗೆ ಒಟ್ಟು ಎಷ್ಟು ರೊಕ್ಕ ಎಂಬುದು ಕಣ್ಣಿಗೆ ಕಾಣಬೇಕು. ಗೊತ್ತಿಲ್ಲದಿದ್ದರೆ ಪಕ್ಕದ ಹುಡುಗನನ್ನೋ ಹುಡುಗಿಯನ್ನೋ ಕರೆದು ಕೇಳಿದಾಗ ಮುಖ ಸಿಂಡರಿಸದೆ ಹೇಳಬೇಕು.

ಈಗ ನನ್ನ ಲೆಕ್ಕ ನೋಡಿ. ಮರಳಿಕೆ ಶೇ 92 ಎಂದುಕೊಳ್ಳೋಣ. ಸುತ್ತಿಗೆ 5 ರೂಪಾಯಿ, ಆರು ಸೆಕೆಂಡಿಗೊಂದು ಸುತ್ತು. ತಾಸಿಗೆ 600 ಸುತ್ತು, ಅಂದರೆ 3,000 ರೂಪಾಯಿಯ ಆಟ. ಸರಾಸರಿ ಕಳೆಯುವುದು ಶೇ 8, ತಾಸಿಗೆ 240 ರೂಪಾಯಿ. ಅದೇ ಮಷೀನಿನಲ್ಲಿ ಸುತ್ತಿಗೆ 10 ರೂಪಾಯಿ ಮಾಡಿ, ಮೂರು ಸೆಕೆಂಡಿಗೊಮ್ಮೆ ಪಟಪಟ ಒತ್ತಿದರೆ ತಾಸಿಗೆ 12,000 ರೂಪಾಯಿಯ ಆಟ, ಕಳೆಯುವುದು 960. ಮಷೀನು ಬದಲಾಗಲಿಲ್ಲ, ಅದೃಷ್ಟವೂ ಬದಲಾಗಲಿಲ್ಲ. ಬೆರಳು ಬದಲಾಯಿತು, ಬೆಲೆ ನಾಲ್ಕು ಪಟ್ಟಾಯಿತು. ನಿಧಾನವಾಗಿ ಆಡಲು ಬಿಡುವ ಜಾಗವೇ ಸ್ಲಾಟ್ ಆಡುವವರಿಗೆ ಒಳ್ಳೆಯ ಜಾಗ. ಚಹಾ ತರಿಸಿಕೊಂಡು ಕುಡಿಯಿರಿ, ಪಕ್ಕದವರ ಜೊತೆ ಮಾತಾಡಿರಿ, ಕಿಟಕಿ ಇದ್ದರೆ ನದಿ ನೋಡಿರಿ. ಪ್ರತಿ ನಿಮಿಷಕ್ಕೂ ರೊಕ್ಕ ಉಳಿಯುತ್ತದೆ.

ಇವು ಸರಾಸರಿಯ ಅಂಕಿಗಳು ಎಂಬುದು ನೆನಪಿರಲಿ. ಕೆಲವು ಯಂತ್ರ ಚಿಕ್ಕ ಚಿಕ್ಕದಾಗಿ ಆಗಾಗ ಕೊಡುತ್ತವೆ, ಕೆಲವು ಬಹಳ ಹೊತ್ತು ನುಂಗಿ ಒಮ್ಮೆಗೇ ಉಗುಳುತ್ತವೆ. ಎರಡನೆಯ ಜಾತಿಯದರ ಮುಂದೆ ಕೂತರೆ ಸಂಜೆಯ ರೊಕ್ಕ ಅರ್ಧ ತಾಸಿನಲ್ಲಿ ಖಾಲಿಯಾಗಬಹುದು. ಹೊತ್ತು ಕಳೆಯಲು ಬಂದವರಿಗೆ ಮೊದಲನೆಯದೇ ಹಿತ.

ಊರಿನ ಆಟದ ಜೊತೆ ಹೋಲಿಸಿ ನೋಡೋಣ. ನಮ್ಮ ಕಡೆ ಮಟ್ಕಾ ಬರೆಯುವವರು "ಒಂದು ರೂಪಾಯಿಗೆ ಎಂಬತ್ತು" ಎಂದು ಕೂಗುತ್ತಾರೆ. 00ಯಿಂದ 99ರವರೆಗೆ ನೂರು ಜೋಡಿ, ಹತ್ತಿದರೆ ಎಂಬತ್ತು. ನೂರಕ್ಕೆ ಇಪ್ಪತ್ತು ಬರೆಯುವವನ ಮನೆಗೆ. ಅಂಕಿ ನೋಡಿದರೆ ಮಷೀನೇ ಉದಾರಿ. ಆದರೆ ಮಟ್ಕಾ ದಿನಕ್ಕೆ ಒಂದೆರಡು ಸಲ ಓಪನ್, ಕ್ಲೋಸ್ ಆಗಿ ಮುಗಿಯುತ್ತದೆ. ಮಷೀನು ತಾಸಿಗೆ ಆರುನೂರು ಸಲ ಓಪನ್. ಚಿಕ್ಕ ಕಡಿತವನ್ನು ಆರುನೂರು ಸಲ ಕಡಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಬರೆಯುವವರಿಗೆ ಹೇಳಿಕೊಡಬೇಕಿಲ್ಲ.

ಸುತ್ತು ತಿರುಗುವ ಮೊದಲೇ ಹೋದ ರೊಕ್ಕ

ಹಡಗಿನ ಅತಿ ದುಬಾರಿ ಆಟ ಯಾವುದು? ರೂಲೆಟ್ ಅಲ್ಲ, ಸ್ಲಾಟೂ ಅಲ್ಲ. ಕ್ಯಾಶ್ ಕೌಂಟರ್.

2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಚಿಪ್ಪು ಕೊಂಡ ಪೂರ್ಣ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಮೂರು ತಾಸಿಗೆಂದು ನಾನು 3,000 ರೂಪಾಯಿಯ ಆಟ ಕೊಂಡೆನೆನ್ನಿ. ತೆರಿಗೆ 1,200. ಮೇಲಿನ ನನ್ನ ನಿಧಾನದ ಲೆಕ್ಕದಲ್ಲಿ ಮಷೀನು ಮೂರು ತಾಸಿಗೆ ತಿನ್ನುವುದು 720. ಕ್ಯಾಸಿನೊ ಗೆಲ್ಲುವುದಕ್ಕಿಂತ ಸರಕಾರ ಮೊದಲೇ ಗೆದ್ದಿರುತ್ತದೆ. ಒಂದು ಸಮಾಧಾನವಿದೆ. ಗೆದ್ದ ರೊಕ್ಕವನ್ನು ಮತ್ತೆ ಆಡಿದರೆ ಅದಕ್ಕೆ ಇನ್ನೊಮ್ಮೆ ಈ ತೆರಿಗೆ ಇಲ್ಲ. ಒಳಬರುವ ರೊಕ್ಕಕ್ಕೆ ಮಾತ್ರ. ಆದ್ದರಿಂದ ಸ್ವಲ್ಪ ಕೊಂಡು, ಅದನ್ನೇ ನಿಧಾನವಾಗಿ ಹೊರಳಿಸಿ ಆಡುವವರಿಗೆ ತೆರಿಗೆಯ ಭಾರ ಹೊತ್ತಿನ ಮೇಲೆ ಹರಡಿ ತೆಳ್ಳಗಾಗುತ್ತದೆ. ಮತ್ತೆ ಮತ್ತೆ ಕೌಂಟರಿಗೆ ಹೋಗಿ ಕೊಳ್ಳುವವರಿಗೆ ಪ್ರತಿ ಸಲವೂ ಅದು ಹೊಸದಾಗಿ ಬೀಳುತ್ತದೆ.

ಗೆದ್ದರೆ ಇನ್ನೊಂದು ಬಾಬತ್ತು. ಲಾಟರಿ, ಜೂಜಿನ ಗೆಲುವಿಗೆ ಆದಾಯ ತೆರಿಗೆ ನೇರ ಶೇ 30, ಜೊತೆಗೆ ಸೆಸ್. ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ, ಬಸ್ ಚಾರ್ಜನ್ನೂ ಬಿಡುವುದಿಲ್ಲ. ಗೆಲುವು 10,000 ದಾಟಿದರೆ ಕೈಗೆ ಕೊಡುವ ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ. ಮೈದುನ ಒಮ್ಮೆ ಗೆದ್ದ ಸುದ್ದಿ ಗಂಜಿನ ತುಂಬ ಹಬ್ಬಿತ್ತು. ಕಾಗದ ನನ್ನ ಮೇಜಿಗೆ ಬಂದಾಗ ನಾನು ಕೂಡಿಸಿ, ಕಳೆದು, ಹೋಟೆಲು, ಡೀಸೆಲ್ ಎಲ್ಲ ಹಾಕಿ ತೋರಿಸಿದೆ. "ಅಕ್ಕಾ, ಇದನ್ ಯಾರಿಗೂ ಹೇಳಬ್ಯಾಡ್ರಿ" ಎಂದ. ಹೇಳಿಲ್ಲ, ಹೆಸರು ಬರೆದಿಲ್ಲ.

ಹಾಗಾದರೆ ಹೋಗುವುದೇಕೆ? ಸಿನಿಮಾ ಟಿಕೆಟ್ ಕೊಂಡವರು ಹೊರಬರುವಾಗ ರೊಕ್ಕ ವಾಪಸು ಬರಲಿಲ್ಲ ಎಂದು ಅಳುವುದಿಲ್ಲ. ಮೂರು ತಾಸಿಗೆ ಹೋಗುವ ರೊಕ್ಕ ಇಷ್ಟು ಎಂದು ಮೊದಲೇ ಬರೆದಿಟ್ಟು, ಅದರಲ್ಲಿ ಊಟ, ಹಾಡು, ನದಿ, ಏಸಿ, ಯಾರೂ ಕರೆಯದ ಮೂಲೆ ಎಲ್ಲವೂ ಸೇರಿದೆ ಎಂದು ಒಪ್ಪಿಕೊಂಡರೆ ಬೆಲೆ ಸರಿಯೋ ತಪ್ಪೋ ಎಂದು ನಿರ್ಧರಿಸಬಹುದು. ಗೆಲ್ಲಲು ಹೋದವರಿಗೆ ಈ ಲೆಕ್ಕ ಕೂಡುವುದೇ ಇಲ್ಲ.

ಒಳ್ಳೆಯ ಜಾಗ ಹೆಂಗಿರಬೇಕು

ಕ್ಯಾಸಿನೊ ಕಟ್ಟುವವರಲ್ಲಿಯೂ ಎರಡು ಪಂಥಗಳಿವೆ. ಬಿಲ್ ಫ್ರೀಡ್ಮನ್ ಎಂಬ ಅಮೆರಿಕನ್ ತಜ್ಞ ಸೂರು ತಗ್ಗಿರಬೇಕು, ದಾರಿ ಸುತ್ತುಬಳಸಿರಬೇಕು, ಮಷೀನೇ ಅಲಂಕಾರವಾಗಬೇಕು, ಬೇರೆ ಏನೂ ಕಣ್ಣು ಸೆಳೆಯಬಾರದು ಎಂದ. ಲಾಸ್ ವೇಗಾಸ್‌ನಲ್ಲಿ 1998ರಲ್ಲಿ ತೆರೆದ ಬೆಲಾಜಿಯೊ ಹೋಟೆಲಿನ ಒಳವಿನ್ಯಾಸ ಮಾಡಿದ ರೋಜರ್ ಥಾಮಸ್ ತದ್ವಿರುದ್ಧ. ಎತ್ತರದ ಸೂರು, ಬೆಳಕು, ಹೂವು, ವಿಶಾಲ ದಾರಿ. ಅಲ್ಲಿನ ಲಾಬಿಯ ಸೂರಿನ ತುಂಬ ಡೇಲ್ ಚಿಹುಲಿ ಮಾಡಿದ ಗಾಜಿನ ಹೂವುಗಳಿವೆ. ಮಂದಿ ಹಾಯಾಗಿದ್ದರೆ ತಾವಾಗಿ ಇರುತ್ತಾರೆ ಎಂಬುದು ಥಾಮಸ್‌ನ ನಂಬಿಕೆ. ಇಬ್ಬರಿಗೂ ಬೇಕಾದದ್ದು ನಾವು ಹೆಚ್ಚು ಹೊತ್ತು ಇರುವುದೇ. ಆದರೂ ಇರಿಸಿಕೊಳ್ಳುವ ರೀತಿಯಲ್ಲಿ ವ್ಯತ್ಯಾಸ ಇದೆ. ಮಾಂಡೋವಿಯ ಹಡಗುಗಳಿಗೆ ಸೂರು ಎತ್ತರಿಸಲು ಜಾಗವಿಲ್ಲ, ಆದರೆ ಮೇಲೆ ಡೆಕ್ ಇದೆ. ಆಗಾಗ ಎದ್ದು ಮೇಲೆ ಹೋಗಿ ಗಾಳಿ ಕುಡಿದು ಬರಬಹುದಾದ ಹಡಗು ನನ್ನ ಪಾಲಿಗೆ ಒಳ್ಳೆಯ ಹಡಗು.

ಎರಡನೆಯದು ಸದ್ದು. ಇಪ್ಪತ್ತು ರೂಪಾಯಿ ಹಚ್ಚಿ ಎಂಟು ಬಂದಾಗಲೂ ಮಷೀನು ಬಾಜಾ ಭಜಂತ್ರಿ ಬಾರಿಸುತ್ತದೆ. ಹನ್ನೆರಡು ಹೋಯಿತು, ಆದರೂ ಮೆರವಣಿಗೆ! ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಗೆಲುವಿನ ವೇಷ ಹಾಕಿದ ಸೋಲು ಎಂದು ಗುರುತಿಸಿ ಅಧ್ಯಯನ ಮಾಡಿದ್ದಾರೆ. ಬ್ರಿಟನ್ನಿನಲ್ಲಿ 2021ರ ಅಕ್ಟೋಬರಿನಿಂದ ಆನ್‌ಲೈನ್ ಸ್ಲಾಟುಗಳಲ್ಲಿ ಇಂಥ ಸುಳ್ಳು ಸಂಭ್ರಮ ಮಾಡುವಂತಿಲ್ಲ. ತಾನಾಗಿ ತಿರುಗುವ ಆಟೊಪ್ಲೇ ಇಲ್ಲ, ಸುತ್ತು ಎರಡೂವರೆ ಸೆಕೆಂಡಿಗಿಂತ ವೇಗವಾಗಿರುವಂತಿಲ್ಲ. ಹಡಗಿನಲ್ಲಿ ನಾನು ನೋಡುವುದು ತೆರೆಯ ಮೂಲೆಯಲ್ಲಿರುವ ಕ್ರೆಡಿಟ್ ಅಂಕಿಯೊಂದನ್ನೇ. ಬಾಜಾ ಎಷ್ಟೇ ಬಾರಿಸಲಿ, ಆ ಅಂಕಿ ಇಳಿದಿದ್ದರೆ ಇಳಿದಿದೆ.

ಮೂರನೆಯದು ರೊಕ್ಕ ಹೊರಬರುವ ದಾರಿ. ರೊಕ್ಕ ಹಾಕುವುದು ಎಲ್ಲ ಕಡೆ ಸುಲಭ. ಉಳಿದ ಕ್ರೆಡಿಟ್ಟನ್ನು ಚೀಟಿಯಾಗಿಯೋ ಕಾರ್ಡಿನಲ್ಲಿಯೋ ತೆಗೆದು, ಕೌಂಟರಿನಲ್ಲಿ ನಗದು ಮಾಡಿಸಿಕೊಳ್ಳಲು ಎಷ್ಟು ಹೊತ್ತು? ಹಾಕುವ ಕೌಂಟರ್ ನಾಲ್ಕು, ತೆಗೆಯುವ ಕೌಂಟರ್ ಒಂದೇ ಎಂದರೆ ಆ ಸಾಲಿನಲ್ಲಿ ನಿಂತ ಅರ್ಧ ಮಂದಿ "ಇರಲಿ, ಇನ್ನೊಂದು ಸುತ್ತು" ಎಂದು ಮರಳಿ ಹೋಗುತ್ತಾರೆ. ಕೌಂಟರಿನಲ್ಲಿ ತೆರಿಗೆಯನ್ನು ಬಾಯಿಬಿಟ್ಟು ಹೇಳಿ, ಬಿಲ್ಲಿನಲ್ಲಿ ಬೇರೆಯಾಗಿ ತೋರಿಸುವ ಜಾಗಕ್ಕೆ ನಾನು ಎರಡನೇ ಸಲವೂ ಹೋಗಬಹುದು.

ನಾಲ್ಕನೆಯದು ಮರ್ಯಾದೆ. ಸೀರೆ ಉಟ್ಟು, ಕುಂಕುಮ ಹಚ್ಚಿ, ಐದು ರೂಪಾಯಿಯ ಮಷೀನಿನ ಮುಂದೆ ಕೂತ ಹೆಂಗಸನ್ನು ಸಿಬ್ಬಂದಿ ಹೇಗೆ ಮಾತಾಡಿಸುತ್ತಾರೆ ಎಂಬುದರಲ್ಲಿ ಆ ಜಾಗದ ಗುಣ ಗೊತ್ತಾಗುತ್ತದೆ. ಕನ್ನಡ ಬಲ್ಲ ಹುಡುಗರು ಅಲ್ಲಿ ಸಿಗುತ್ತಾರೆ. "ಯಾವೂರ್ರೀ ಅವ್ವಾರು? ಕಲಬುರ್ಗಿ ಏನ್ರೀ? ಏಸಿ ಕಡಿಮಿ ಮಾಡಸ್ಲೇನ್ರಿ?" ಎಂದು ಒಬ್ಬ ಕೇಳಿದಾಗ ನನಗೆ ಜಾಕ್‌ಪಾಟ್ ಬಂದಷ್ಟೇ ಆಯಿತು. ಊಟವೂ ಇದರಲ್ಲೇ ಸೇರಿತು. ಸಸ್ಯಾಹಾರದ ಪಾತ್ರೆಗಳು ಬೇರೆ ಸಾಲಿನಲ್ಲಿ ಇವೆಯೇ ಎಂಬುದನ್ನೇ ನಮ್ಮ ಮಂದಿ ಮೊದಲು ನೋಡುವುದು.

ಐದನೆಯದು ಹೊರಗೆ ಹೋಗುವ ಬಾಗಿಲು. ಹಡಗು ನದಿಯ ನಡುವೆ, ದಂಡೆಗೆ ಬರಲು ಚಿಕ್ಕ ಬೋಟ್ ಕಾಯಬೇಕು. ಬೋಟ್ ಆಗಾಗ ಬರುವಂತಿದ್ದರೆ ಎದ್ದಾಗ ಹೊರಡಬಹುದು. ತಡವಾದರೆ ಕಾಯುವ ಹೊತ್ತಿಗೆಲ್ಲ ಮಷೀನು ಪಕ್ಕದಲ್ಲೇ ಮಿನುಗುತ್ತಿರುತ್ತದೆ. ಎದ್ದವರನ್ನು ಎದ್ದಂತೆಯೇ ಹೋಗಗೊಡುವ ಜಾಗದಲ್ಲಿ ಕೂತದ್ದೂ ಹಿತವಾಗಿರುತ್ತದೆ.

ಬಂದು ಹೋಗುವವರ ಸುಖ

ನನ್ನ ಈ ಸುಖಕ್ಕೆಲ್ಲ ಬೇರು ಒಂದೇ: ನಾನು ಆ ಊರಿನವಳಲ್ಲ.

ಮಾನವಶಾಸ್ತ್ರಜ್ಞೆ ನತಾಶಾ ಡೋ ಶೂಲ್ 2012ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆಂದು ಲಾಸ್ ವೇಗಾಸ್‌ನಲ್ಲಿ ವರ್ಷಗಟ್ಟಲೆ ಮಷೀನ್ ಆಟಗಾರರ ಜೊತೆ ಮಾತಾಡಿದರು. ಅವರ ಕೇಂದ್ರದಲ್ಲಿದ್ದದ್ದು ಪ್ರವಾಸಿಗರಲ್ಲ, ಅಲ್ಲೇ ಮನೆ ಮಾಡಿಕೊಂಡು, ದಿನಸಿ ತರಲು ಹೋದಾಗಲೂ ಮಷೀನು ಸಿಗುವ ಸ್ಥಳೀಯರು. ಗೆಲ್ಲುವ ಆಸೆ ಸತ್ತುಹೋಗಿ, ಆಡುತ್ತಲೇ ಇರಬೇಕೆಂಬುದೊಂದೇ ಉಳಿದ ಮಂದಿ. ಗೆದ್ದರೆ ಆಟ ನಿಲ್ಲಿಸಬೇಕಾಗುತ್ತದಲ್ಲ ಎಂದು ಕೆಲವರಿಗೆ ಕಿರಿಕಿರಿ. ಓದಿದಾಗ ನನಗೆ ಚುರುಕ್ಕೆಂದಿತು. ಯಾರೂ ಕರೆಯದ ಮೂಲೆ ಎಂದು ನಾನು ಮೆಚ್ಚಿದೆನಲ್ಲ, ಅವರನ್ನು ನುಂಗಿದ್ದೂ ಅದೇ ಮೂಲೆ. ಮೆತ್ತನೆ ಕುರ್ಚಿ, ಹುಬ್ಬೇರಿಸದ ಯಂತ್ರ, ತಡೆಯಿಲ್ಲದ ಆಟ: ನನಗೆ ಹಿತವಾದ ಒಂದೊಂದೂ ಅವರಿಗೆ ಕುಣಿಕೆ. ನನಗೂ ಅವರಿಗೂ ಇರುವ ಅಂತರ ಬುದ್ಧಿಯದ್ದಲ್ಲ. ನನಗೆ ಮರುದಿನ ಚೋರ್ಲಾ ಘಾಟ್ ಹತ್ತಲಿಕ್ಕಿತ್ತು, ಸೋಮವಾರ ಮಿಲ್ಲಿನ ಲೆಕ್ಕ ಇತ್ತು. ಅವರಿಗೆ ಮರುದಿನವೂ ಮಷೀನಿತ್ತು.

ಗೋವಾ ಸರಕಾರಕ್ಕೂ ಇದು ಗೊತ್ತು. 2020ರ ಫೆಬ್ರುವರಿ 1ರಿಂದ ಗೋವಾದವರಿಗೆ ಕ್ಯಾಸಿನೊದ ಜೂಜಿನ ಜಾಗಕ್ಕೆ ಪ್ರವೇಶವಿಲ್ಲ. 21 ವರ್ಷ ದಾಟಿದ ಹೊರಗಿನವರು ಗುರುತಿನ ಚೀಟಿ ತೋರಿಸಿ ಹೋಗಬಹುದು. ತಮ್ಮ ಮಂದಿಗೆ ಬೇಡ, ಬಂದು ಹೋಗುವವರಿಗೆ ನಡೆಯುತ್ತದೆ. ನಮ್ಮನ್ನು ಅಷ್ಟು ಅಗ್ಗ ಮಾಡಿದರಲ್ಲ ಎಂದು ಮುನಿಸಿಕೊಳ್ಳಬಹುದು. ಲೆಕ್ಕದ ಕಣ್ಣಿಗೆ ಮಾತ್ರ ಅದು ಸರಿ ಕಾಣುತ್ತದೆ.

ಹತ್ತಿರ ಬಂದ ಜೂಜು ಏನು ಮಾಡುತ್ತದೆ ಎಂಬುದನ್ನು ಕಲಬುರಗಿಗೆ ಯಾರೂ ಪಾಠ ಹೇಳಬೇಕಿಲ್ಲ. ಸೂಪರ್ ಮಾರ್ಕೆಟ್ ಕಡೆ ಹೋದರೆ ಲಾಟರಿ ಅಂಗಡಿಗಳ ಮುಂದೆ ಗುಂಪು ಕಾಣುತ್ತಿದ್ದ ಕಾಲ ನನಗೆ ನೆನಪಿದೆ. 2007ರಲ್ಲಿ ರಾಜ್ಯ ಲಾಟರಿ ನಿಷೇಧಿಸಿದಾಗ ಹಮಾಲರ ಮನೆಯ ಹೆಂಗಸರು ಕಣ್ಣೊರೆಸಿಕೊಂಡು ನಕ್ಕದ್ದೂ ನೆನಪಿದೆ. ಮಟ್ಕಾ ಕದ್ದುಮುಚ್ಚಿ ಉಳಿಯಿತು. ಆಮೇಲೆ ಜೂಜು ಫೋನಿನೊಳಗೆ ಬಂತು, ಹಾಸಿಗೆಗೂ ಬಂತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದ ಆಟ ತಡೆಯಲು ಹೋದಾಗ 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ರೊಕ್ಕ ಹಚ್ಚುವ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಮಾಡಿತು. ಫೋನಿನ ಸ್ಲಾಟಿಗೂ ಹಡಗಿನ ಸ್ಲಾಟಿಗೂ ಒಳಗಿನ ಲೆಕ್ಕ ಒಂದೇ. ಫೋನಿನದ್ದಕ್ಕೆ ಬೋಟ್ ಇಲ್ಲ, ಘಾಟ್ ಇಲ್ಲ, ಇಸ್ತ್ರಿ ಅಂಗಿ ಬೇಡ, ಮುಗಿಯುವ ಹೊತ್ತೂ ಇಲ್ಲ.

ಆಟ ನಿಲ್ಲಿಸಲಾಗುತ್ತಿಲ್ಲ ಎನಿಸಿದರೆ ಅದು ಕೆಟ್ಟ ಚಾಳಿ ಎಂದು ಬೈದು ಮುಗಿಸುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

2020ರ ಫೆಬ್ರುವರಿಯಲ್ಲಿ, ಆಗ ಪ್ರವಾಸೋದ್ಯಮ ಸಚಿವರಾಗಿದ್ದ ಸಿ.ಟಿ. ರವಿ ಕರ್ನಾಟಕದಲ್ಲೂ ಕ್ಯಾಸಿನೊ ತರುವ ಮಾತಾಡಿ, ವಿರೋಧ ಬಂದ ಮೇಲೆ ಸ್ಪಷ್ಟನೆ ಕೊಟ್ಟಿದ್ದರು. ಆಗ ಭಾವ ಚಹಾ ಕುಡಿಯುತ್ತಾ ಕೇಳಿದರು: "ಕಲಬುರ್ಗಿಗೇ ಬಂದ್ರ ಹೆಂಗವ್ವಾ? ಚೋರ್ಲಾ ಘಾಟ್ ಇಳಿಯೋದು ತಪ್ಪತದ. ನಿನಗೂ ಮಷೀನ್ ಸಮೀಪ ಆಗ್ತದ." ನಾನು ಬೇಡ ಎಂದೆ. ಸಹಿ ಸಂಗ್ರಹಕ್ಕೆ ಬಂದರೆ ಬೇಡ ಎನ್ನುವ ಕಾಗದದ ಮೇಲೆ ಮೊದಲ ಸಹಿ ನನ್ನದು. ಈ ಆಟ ಮಜಾ ಕೊಡುವುದು ಅದಕ್ಕೆ ಹೋಗಲು ರಜೆ ಹಾಕಬೇಕು, ರಾತ್ರಿಯಿಡೀ ಪ್ರಯಾಣ ಮಾಡಬೇಕು, ವಾಪಸು ಬರಲೇಬೇಕು ಎನ್ನುವುದರಿಂದ. ನಂದೂರ ಗೇಟಿನಲ್ಲಿ ಕ್ಯಾಸಿನೊ ಬಂದರೆ ನಮ್ಮ ಮಿಲ್ಲಿನ ಹಮಾಲರು ಶನಿವಾರದ ಬಟವಾಡೆಯನ್ನು ಮನೆ ಮುಟ್ಟಿಸುವ ಮೊದಲು ಅದರ ಮುಂದೆ ಹಾದುಹೋಗಬೇಕು. ನಾನೂ ಹಾದುಹೋಗಬೇಕು. ನನ್ನ ಲೆಕ್ಕ ಎಷ್ಟೇ ಪಕ್ಕಾ ಇರಲಿ, ದಿನಾ ಸಂಜೆ ಅದನ್ನು ಹೊಸದಾಗಿ ಗೆಲ್ಲಬೇಕಾಗುತ್ತದೆ. ಅಂಥ ಆಟ ನನಗೆ ಬೇಕಿಲ್ಲ. ಇದ್ದಲ್ಲೇ ಇರಲಿ, ಬೇಕೆನಿಸಿದಾಗ ನಾವೇ ಹೋಗುತ್ತೇವೆ ಎಂದೆ. ಭಾವ ಚಹಾ ಮುಗಿಸಿ, "ಹಂಗಾದ್ರ ಈ ಮಳಿಗಾಲದಾಗ?" ಎಂದರು. ರೊಕ್ಕ ಎಷ್ಟು ಇಡುತ್ತೀರಿ, ಮೊದಲು ಅದನ್ನು ಬರೆಸಿರಿ ಎಂದು ನಾನು ವಹಿ ತೆಗೆದೆ.